ಏಳನೇ ಮನೆಯ ತುತ್ತು

ಮೊನ್ನೆ ನನ್ನ ಸೊಸೆ ಸಿರಿಧಾನ್ಯದ ಅಂಗಡಿಯಿಂದ ಒಂದು ಪೊಟ್ಟಣ ನವಣೆ ತಂದು ಬೇಯಲಿಟ್ಟಳು. ನಾನು ನಡುಮನೆಯಲ್ಲಿ ಕನ್ನಡಕ ಹುಡುಕುತ್ತಿದ್ದೆ. ಅದು ನನ್ನ ಮೂಗಿನ ಮೇಲೇ ಇತ್ತು ಎನ್ನುವುದು ಬೇರೆ ಮಾತು. ಆಗ ಒಲೆಯ ಕಡೆಯಿಂದ ಆ ವಾಸನೆ ಬಂತು: ಅರೆ ಬೆಂದ ನವಣೆ, ಪಕ್ಕದ ಬಾಣಲೆಯಲ್ಲಿ ಹುರಿಯುತ್ತಿದ್ದ ಕಡಲೆಕಾಯಿ ಬೀಜ. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಬಾಯಲ್ಲಿ ನೀರೂರಿತು ಎನ್ನುತ್ತಿಲ್ಲ, ಗಮನಿಸಿ. ತೆರೆದುಕೊಂಡಿತು. ಎಪ್ಪತ್ತು ದಾಟಿದ ಹೆಂಗಸು ನಡುಮನೆಯಲ್ಲಿ ಗೋಡೆ ನೋಡುತ್ತ ಗುಬ್ಬಿ ಮರಿಯ ಹಾಗೆ ಬಾಯಿ ಕಳೆದು ನಿಂತಿದ್ದೆ.

"ಅಮ್ಮಾ, ಅಜ್ಜಿ ನೋಡು, ಆ... ಅಂತಿದಾಳೆ" ಎಂದು ಮೊಮ್ಮಗಳು ಚಾರ್ವಿ ಕಿಸಕ್ಕನೆ ನಕ್ಕಳು. ಅವಳಿಗೆ ನಾಲ್ಕು ವರ್ಷ. ಊಟದ ಹೊತ್ತಿಗೆ ತುಟಿಗಳನ್ನು ಬೀಗ ಜಡಿದಂತೆ ಮುಚ್ಚಿಕೊಳ್ಳುವ ಹುಡುಗಿ. ಮೊಸರನ್ನ ಬಿಟ್ಟರೆ ಮತ್ತೇನೂ ಬೇಡ. ಆ ಮೊಸರನ್ನದಲ್ಲೂ ಒಂದು ಸಾಸಿವೆ ಕಾಳು ಕಂಡರೆ ಊಟ ಮುಗಿಯಿತು. ಸೊಸೆ ಈ ವಿಷಯಕ್ಕೆ ಇಬ್ಬರು ಡಾಕ್ಟರನ್ನು ಕಂಡು ಬಂದಿದ್ದಾಳೆ, ಮೂರು ಪುಸ್ತಕ ಓದಿದ್ದಾಳೆ. ನಾನು ಮಾತ್ರ, "ಎಲ್ಲ ನಿಮ್ಮ ಮುದ್ದಿನಿಂದಲೇ ಆಗಿದ್ದು. ನಮ್ಮ ಕಾಲದಲ್ಲಿ ಮಕ್ಕಳು ಕೊಟ್ಟಿದ್ದು ತಿನ್ನುತ್ತಿದ್ದವು" ಎಂದು ದಿನಾ ಹೇಳುತ್ತ ಬಂದಿದ್ದೆ.

ಇದು ಶುದ್ಧ ಸುಳ್ಳು. ನಮ್ಮ ಕಾಲದಲ್ಲಿ ಕೊಟ್ಟಿದ್ದು ತಿನ್ನದ ಒಂದು ಮಗುವನ್ನು ನಾನು ಬಹಳ ಹತ್ತಿರದಿಂದ ಬಲ್ಲೆ. ಅವಳ ಮೂಗಿನ ಮೇಲೆಯೇ ಆ ಕನ್ನಡಕ ಇತ್ತು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್. ಬಸ್ಸು ಪಾವಗಡದಲ್ಲಿ ರಾತ್ರಿ ನಿಲ್ಲುತ್ತಿದ್ದುದರಿಂದ ನಾವು ಕೊರಟಗೆರೆಯ ಮನೆ ಬಿಟ್ಟು ಪಾವಗಡದ ಕೋಟೆಬೆಟ್ಟದ ಬುಡದಲ್ಲಿ ಒಂದು ಓಣಿಯಲ್ಲಿ ಬಾಡಿಗೆಗಿದ್ದೆವು. ಬೆಟ್ಟದ ಬಂಡೆ ಹಗಲೆಲ್ಲ ಕಾದು, ಸಂಜೆ ಆ ಕಾವನ್ನು ನಮ್ಮ ಓಣಿಗೆ ಬಿಡುತ್ತಿತ್ತು. ನನಗೆ ಐದು ತುಂಬುತ್ತ ಬಂದಿತ್ತು. ನಾನು ಏನನ್ನೂ ತಿನ್ನುತ್ತಿರಲಿಲ್ಲ.

ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ನಿಮಗೂ ಗೊತ್ತಲ್ಲ. ನನಗೆ ನುಂಗಲು ಬರುತ್ತಿರಲಿಲ್ಲ. ಗಂಟಲಲ್ಲಿ ಯಾರೋ ಅಂಗೈ ಅಡ್ಡ ಹಿಡಿದಂತಾಗುತ್ತಿತ್ತು. ತುಮಕೂರು ಸೀಮೆಯಲ್ಲಿ ಹುಟ್ಟಿ ಮುದ್ದೆ ನುಂಗಲು ಬಾರದ ಹೆಣ್ಣನ್ನು ಮುಂದೆ ಯಾರು ಮದುವೆಯಾಗುತ್ತಾರೆ ಎಂಬುದು ಅಪ್ಪನ ತಮಾಷೆ. ಅಮ್ಮನಿಗೆ ಅದು ತಮಾಷೆಯಾಗಿರಲಿಲ್ಲ. ಅನ್ನ, ರೊಟ್ಟಿ, ಹಾಲು, ಯಾವುದಕ್ಕೂ ನನ್ನ ಬಾಯಿ ತೆರೆಯುತ್ತಿರಲಿಲ್ಲ. ಬಳಪ ಮಾತ್ರ ತಿನ್ನುತ್ತಿದ್ದೆನಂತೆ. ಗೋಡೆಯ ಸುಣ್ಣವನ್ನು ನಾನು ಕೆರೆದು ತಿಂದ ಗುರುತು ನನ್ನ ಎತ್ತರಕ್ಕೆ ಸರಿಯಾಗಿ ಮನೆಯ ಸುತ್ತ ಇತ್ತಂತೆ.

ಈಗಿನವರು ಇಂಥ ಮಗುವನ್ನು 'ಫಸ್ಸಿ' ಎಂದು ಹೇಳಿ ಮುಗಿಸುತ್ತಾರೆ. ಆಗ ಅದಕ್ಕೊಂದು ಪದವೇ ಇರಲಿಲ್ಲ. ಮಗುವಿಗೆ 'ಇಷ್ಟವಿಲ್ಲ' ಎಂಬುದೊಂದು ಇರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಹತ್ತು ಮಕ್ಕಳ ಮನೆಯಲ್ಲಿ ಒಂದು ಉಣ್ಣದಿದ್ದರೆ ಪಕ್ಕದ್ದು ಅದರ ತಟ್ಟೆ ಖಾಲಿ ಮಾಡುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಾದರೆ, ಅದು ಮಗುವಿನ ಕೆಲಸವಲ್ಲ, ಬೇರೆ ಯಾರದೋ ಕೆಲಸ. ಕಣ್ಣು ಬಿದ್ದಿದೆ, ಗಾಳಿ ಸೋಕಿದೆ, ಹುಳ ಆಗಿದೆ, ಯಾರೋ ಹಸಿದವರು ಮಗು ತಿನ್ನುವುದನ್ನು ನೋಡಿ ಹೋಗಿದ್ದಾರೆ. ಬಾಯಿ ಮಗುವಿನದು, ಆದರೆ ಅದನ್ನು ಮುಚ್ಚಿ ಹಿಡಿದಿರುವ ಕೈ ಬೇರೆಯವರದು. ಆ ಕೈ ಯಾರದೆಂದು ಪತ್ತೆ ಮಾಡುವುದೇ ತಾಯಂದಿರ ಕೆಲಸವಾಗಿತ್ತು.

ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲವಾದ್ದರಿಂದ ದೃಷ್ಟಿಯಾಗಿರುವುದು ಖಾತ್ರಿಯಾಯಿತು. ಅಪ್ಪ ತನ್ನ ದಾರಿ ಹಿಡಿದ. ಬಸ್ಸು ಹೋದ ಊರಿನಿಂದೆಲ್ಲ ಏನಾದರೂ ತರುತ್ತಿದ್ದ: ಮಧುಗಿರಿಯಿಂದ ದಾಳಿಂಬೆ, ಕೊರಟಗೆರೆಯಿಂದ ಬಾಳೆಹಣ್ಣು, ಶಿರಾದಿಂದ ಮೇಲೆ ಸಕ್ಕರೆ ಹಚ್ಚಿದ ಬನ್ನು. ಅವುಗಳನ್ನು ನನ್ನ ಮುಂದೆ ಸಾಲಾಗಿಟ್ಟು, "ಶಿರಾ, ಶಿರಾ, ಯಾರ್ರೀ ಶಿರಾ ಇಳಿಯೋರು" ಎಂದು ಕೂಗುತ್ತಿದ್ದ. ನಾನು ನಗುತ್ತಿದ್ದೆ. ನಗುವಾಗ ಬಾಯಿ ತೆರೆದರೆ ತುರುಕಲು ಅಮ್ಮ ಹಿಂದೆ ಕಾದಿರುತ್ತಿದ್ದಳು, ಅದಕ್ಕೇ ಬಾಯಿ ಮುಚ್ಚಿಕೊಂಡು ನಗುವುದನ್ನು ಕಲಿತೆ. ಒಮ್ಮೆ ನನ್ನನ್ನು ಶಿರಾಕ್ಕೇ ಕರೆದೊಯ್ದ. ಸಂಜೆ ಮಸೀದಿಯ ಬಾಗಿಲಲ್ಲಿ ಮಕ್ಕಳನ್ನೆತ್ತಿಕೊಂಡ ತಾಯಂದಿರು ನೀರಿನ ಚೊಂಬು ಹಿಡಿದು ನಿಂತಿದ್ದರು. ಪ್ರಾರ್ಥನೆ ಮುಗಿಸಿ ಬಂದವರೆಲ್ಲ ಒಬ್ಬೊಬ್ಬರಾಗಿ ಆ ನೀರಿಗೆ ಉಸಿರು ಊದಿ ಹೋದರು. ಅಷ್ಟು ಜನರ ಉಸಿರಿದ್ದ ನೀರನ್ನು ನಾನು ಕುಡಿದೆ. ಅದರ ಮೇಲೆ ಎರಡು ದಿನ ಅರ್ಧ ಬನ್ನು ತಿಂದೆ. ಮೂರನೇ ದಿನ ಮತ್ತೆ ಬಾಯಿ ಮುಚ್ಚಿತು.

ಆಸ್ಪತ್ರೆಯ ಡಾಕ್ಟರು ನನ್ನ ರಟ್ಟೆಯನ್ನು ತನ್ನ ಎರಡು ಬೆರಳಿನ ನಡುವೆ ಹಿಡಿದು, ಬೆರಳು ಕೂಡಿದ್ದನ್ನು ಅಮ್ಮನಿಗೆ ತೋರಿಸಿದ. "ಹೀಗೇ ಆದರೆ ಒಂದು ಜ್ವರ ಸಾಕಮ್ಮ" ಎಂದ. ಏನಕ್ಕೆ ಸಾಕು ಎಂದು ಹೇಳಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಅಮ್ಮ ನನ್ನನ್ನು ಕೆಳಗಿಳಿಸಲೇ ಇಲ್ಲ.

ಆಗ ಕೊರಟಗೆರೆಯಿಂದ ಅಜ್ಜಿ ಬಂದಳು, ಅಪ್ಪನ ತಾಯಿ. ಬಂದವಳೇ ನನ್ನ ಗಲ್ಲ ಹಿಡಿದೆತ್ತಿ, ಗಂಟಲು ನೋಡಿ, ಸೊಸೆಗೆ ಅಪ್ಪಣೆ ಮಾಡಿದಳು. "ಮೂಗಭಿಕ್ಷೆ ಎತ್ಬೇಕು ಕಣಮ್ಮ. ಶುಕ್ರವಾರ ಮಧ್ಯಾನ ಮಗೀನ ಸೊಂಟದ ಮ್ಯಾಲೆ ಕೂರಿಸ್ಕೊಂಡು, ಮೊರ ಹಿಡ್ಕೊಂಡು ಏಳು ಮನೆ ಬಾಕ್ಲಲ್ಲಿ ನಿಂತ್ಕೊ. ತುಟಿ ಪಿಟಕ್ ಅನ್ನಬ್ಯಾಡ. ಅವರೂ ಏನೂ ಕೇಳಾಕಿಲ್ಲ. ಒಲೆ ಮ್ಯಾಲೆ ಏನೈತೋ ಅದನ್ನ ಒಂದು ಹಿಡಿ ಹಾಕ್ತಾರೆ, ಬರಿ ಮೊರ ಕಳಿಸಂಗಿಲ್ಲ. ಏಳನ್ನೂ ಕಲಸಿ ಹೊಸ್ತಿಲ ಮ್ಯಾಲೆ ಕೂರಿಸಿ ತಿನ್ಸು."

"ಯಾಕತ್ತೆ ಮಾತಾಡಬಾರದು?" ಎಂದು ಅಮ್ಮ ಕೇಳಿದಳು.

"ಮಾತಾಡಿದ್ರೆ ಮಗೀನ ಹಿಡ್ಕಂಡಿರೋದು ಕೇಳಿಸ್ಕೊಂಬುಡ್ತೈತೆ."

ಅಮ್ಮ ಯಾರ ಮನೆಯ ಬಾಗಿಲಲ್ಲೂ ಕೈಯೊಡ್ಡಿದವಳಲ್ಲ. ಅಂದು ಮೊರದ ಮೇಲೆ ಮುತ್ತುಗದ ಎಲೆ ಹಾಸಿಕೊಂಡು, ಸೆರಗನ್ನು ತಲೆ ಮೇಲೆ ಎಳೆದುಕೊಂಡು ಹೊರಟಳು. ನನಗೆ ನೆನಪಿರುವುದು ಆ ಮೌನ. ಒಂದೊಂದು ಬಾಗಿಲಲ್ಲೂ ಹೆಂಗಸರು ಹೊರಗೆ ಬಂದು, ಮೊರ ನೋಡಿ, ನನ್ನನ್ನು ನೋಡಿ, ಮಾತಾಡುತ್ತಿದ್ದ ಬಾಯಿ ಮುಚ್ಚಿ ಒಳಗೆ ಹೋಗುತ್ತಿದ್ದರು. ಒಬ್ಬಳು ಸಂಗಟಿ ಮುರಿದು ಹಾಕಿದಳು. ಆ ಕಡೆ ಮುದ್ದೆಯನ್ನು ಹಾಗೆಯೇ ತೆಲುಗಿನಲ್ಲಿ ಕರೆಯುವುದು. ಒಬ್ಬಳು ಸಜ್ಜೆ ರೊಟ್ಟಿ, ಒಬ್ಬಳು ಹುರುಳಿಕಾಳು. ಓಣಿಯ ನಾಯಿಗಳೂ ಬೊಗಳಲಿಲ್ಲ. ಆರು ಮನೆ ಮುಗಿಯಿತು.

ಏಳನೇ ಮನೆ ಓಣಿಯ ಕೊನೆಯದು, ಬಂಡೆಗೆ ಬೆನ್ನು ಕೊಟ್ಟು ನಿಂತಿತ್ತು. ಅಲ್ಲಿ ಅಂಜಿನಮ್ಮ ಎಂಬವಳು ಒಬ್ಬಳೇ ಇದ್ದಳು. ಮೂವತ್ತು ಮೂವತ್ತೈದರ ಹೆಂಗಸು. ಅದೇ ತಾಲ್ಲೂಕಿನ ಹೊಸಕೋಟೆಯ ಕಡೆಯಿಂದ ಬರುವ ಕಡಲೆಕಾಯಿಯನ್ನು ಮಂಡಿಯಂಗಡಿಯಲ್ಲಿ ಕೂತು ಸುಲಿಯುವ ಕೆಲಸ. ಅವಳ ಹೆಬ್ಬೆರಳಿನ ಉಗುರು ಗಟ್ಟಿಯಾಗಿ, ಹಳದಿಯಾಗಿ, ಒಂದು ಬೇರೆಯೇ ಸಾಮಾನಿನಂತೆ ಕಾಣುತ್ತಿತ್ತು. ನಾವು ಆ ಊರಿಗೆ ಬಂದು ಎಂಟು ತಿಂಗಳಾಗಿದ್ದರೂ ಅಮ್ಮ ಅವಳೊಡನೆ ಮಾತಾಡಿರಲಿಲ್ಲ.

ಅಂಜಿನಮ್ಮ ಬಾಗಿಲಿಗೆ ಬಂದು ಮೊರ ನೋಡಲಿಲ್ಲ. ನನ್ನನ್ನೇ ನೋಡಿದಳು. ಆಮೇಲೆ ತನ್ನ ಅಂಗಳದ ಮೋಟುಗೋಡೆಯ ಕಡೆ ತಿರುಗಿದಳು. ಅಲ್ಲಿ ಗೋಡೆಯ ಮೇಲೆ ಒಂದು ಎಲೆಯಲ್ಲಿ ಅನ್ನ ಬಡಿಸಿಟ್ಟಿತ್ತು. ಎದುರಿನ ಹುಣಿಸೆಮರದ ತುಂಬ ಕಾಗೆಗಳು ಕೂತಿದ್ದವು. ಒಂದೂ ಕೂಗುತ್ತಿರಲಿಲ್ಲ, ಒಂದೂ ಇಳಿಯುತ್ತಿರಲಿಲ್ಲ. ಅವಳು ಏನೋ ಹೇಳಲು ಬಾಯಿ ತೆರೆದಳು. ಅಮ್ಮ ಬೇಡ ಎಂಬಂತೆ ಗಾಬರಿಯಿಂದ ತಲೆಯಾಡಿಸಿದಳು. ಅಂಜಿನಮ್ಮ ಬಾಯಿ ಮುಚ್ಚಿದಳು. ನಡೆದುಹೋಗಿ ಗೋಡೆಯ ಮೇಲಿನ ಎಲೆಯನ್ನೇ ಎತ್ತಿ ತಂದು ನಮ್ಮ ಮೊರಕ್ಕೆ ಇಳಿಸಿದಳು. ನವಣೆ ಅನ್ನ, ಅದರ ಮೇಲೆ ಹುರಿದ ಕಡಲೆಕಾಯಿಯ ಪುಡಿ, ಮಧ್ಯೆ ಒಂದು ಬೆಲ್ಲದ ಚೂರು.

ಏಳನ್ನೂ ಕಲಸಬೇಕಿತ್ತು. ಕಲಸುವಷ್ಟು ಪುರುಸೊತ್ತನ್ನು ನಾನು ಕೊಡಲಿಲ್ಲ. ಹೊಸ್ತಿಲ ಮೇಲೆ ಕೂರಿಸಿದ ಕೂಡಲೇ ಮೇಲಿದ್ದ ನವಣೆ ಅನ್ನಕ್ಕೆ ಎರಡೂ ಕೈ ಹಾಕಿ ತಿಂದೆ. ಪೂರ್ತಿ ತಿಂದೆ. ಎಲೆಯನ್ನು ನೆಕ್ಕಿದೆ. ಅಜ್ಜಿ ದೇವರ ಗೂಡಿಗೆ ಓಡಿದಳು. ಅಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತಳು. ಉಳಿದ ಆರು ಮನೆಯ ಅನ್ನ ಮೊರದಲ್ಲಿ ಹಾಗೇ ಇತ್ತು, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನ ಅಮ್ಮ ಮನೆಯಲ್ಲೇ ನವಣೆ ಬೇಯಿಸಿದಳು. ನಾನು ಮೂಸಿ ನೋಡಿ ಬಾಯಿ ಮುಚ್ಚಿದೆ. ಭಿಕ್ಷೆ ಎತ್ತಿದ ಮನೆಗೆ ತಿರುಗಿ ಹೋಗಿ ಕೇಳಬಾರದೆಂಬ ಕಟ್ಟಳೆಯಿತ್ತು. ಅಮ್ಮ ಅದನ್ನು ಮುರಿದು ಅಂಜಿನಮ್ಮನ ಬಾಗಿಲಿಗೆ ಹೋದಳು. "ಅದಕ್ಕೆ ಏನು ಹಾಕಿದ್ರಿ?" ಎಂದಳು.

"ಏಮೀ ಇಲ್ಲಮ್ಮ. ಮಧ್ಯಾನ ಮಗೀನ ಇಲ್ಲಿಗೇ ಕಳ್ಸು" ಎಂದಳು ಅಂಜಿನಮ್ಮ.

ಹೀಗೆ ನಾನು ದಿನವೂ ಮಧ್ಯಾಹ್ನ ಆ ಮನೆಗೆ ಹೋಗತೊಡಗಿದೆ. ಒಳಗೆ ಹಗಲಲ್ಲೂ ಮಬ್ಬು. ಬಂಡೆಯ ಕಾವಿಗೆ ಹಿಂಬದಿಯ ಗೋಡೆ ಬೆಚ್ಚಗಿರುತ್ತಿತ್ತು. ನಾನು ಹೇಳಿಸಿಕೊಳ್ಳದೆ ಬೀಸುವ ಕಲ್ಲಿನ ಪಕ್ಕ, ಆ ಗೋಡೆಗೆ ಒರಗಿ ಕೂತೆನಂತೆ. ಅಂಜಿನಮ್ಮ ಒಂದು ಹಿತ್ತಾಳೆ ಬಟ್ಟಲಲ್ಲಿ ಅನ್ನ ಹಾಕಿ ಮುಂದಿಟ್ಟಳು. ಬಟ್ಟಲ ಅಂಚಿನಲ್ಲಿ ಒಂದು ಕಡೆ ತಗ್ಗು ಬಿದ್ದಿತ್ತು. ನಾನು ಬಟ್ಟಲನ್ನು ತಿರುಗಿಸಿ ತಗ್ಗನ್ನು ನನ್ನ ಕಡೆ ಮಾಡಿಕೊಂಡೆ. ಇದು ನನಗೆ ಸ್ವಂತ ನೆನಪಿದೆ, ಯಾಕೆಂದರೆ ಆಗ ಅವಳು ಸಣ್ಣಗೆ ಒಂದು ಸದ್ದು ಮಾಡಿದಳು. ಆಮೇಲೆ ತುತ್ತು ಕಟ್ಟಿ, ಬಾಯಿಯ ಹತ್ತಿರ ತಂದು, "ತಿನು ತಲ್ಲೀ. ಓಬುಳೀ, ತಿನು" ಎಂದಳು.

ತಲ್ಲಿ ಎಂದರೆ ತೆಲುಗಿನಲ್ಲಿ ತಾಯಿ. ಓಬುಳಿ ನನ್ನ ಹೆಸರಲ್ಲ. ಆದರೂ ನನ್ನ ಬಾಯಿ ತೆರೆಯಿತು.

ಎರಡು ವಾರದಲ್ಲಿ ನನ್ನ ಕೆನ್ನೆಗೆ ರಕ್ತ ಬಂತು. ಅಪ್ಪ ಕುಣಿದಾಡಿದ. ಅಮ್ಮ ಮೊದಲು ಸಂತೋಷಪಟ್ಟಳು, ಆಮೇಲೆ ಗಮನಿಸತೊಡಗಿದಳು. ನನ್ನ ಹೆಸರು ಹಿಡಿದು ಕರೆದರೆ ನಾನು ಒಂದೇ ಸಲಕ್ಕೆ ತಿರುಗುತ್ತಿರಲಿಲ್ಲ. ನೀರು ಬೇಕಾದರೆ ತೆಲುಗಿನಲ್ಲಿ 'ನೀಳ್ಳು' ಎನ್ನುತ್ತಿದ್ದೆ. ಒಂದು ಸಂಜೆ, "ಕುಂಟು ಮೇಕೆ ಎಲ್ಲಿ ಹೋಯ್ತು?" ಎಂದು ಕೇಳಿದೆನಂತೆ. ನಮ್ಮ ಮನೆಯಲ್ಲಿ ಮೇಕೆಯೇ ಇರಲಿಲ್ಲ.

ವಿಷಯ ಹೊರಗೆ ಬಂದದ್ದು ಖಾಸಿಂಬಿಯ ಬಾಯಿಂದ. ಶಿರಾದಿಂದ ಮದುವೆಯಾಗಿ ಬಂದು ಪಾವಗಡದಲ್ಲಿ ನೆಲೆಸಿದ್ದ ಬಳೆಗಾರ್ತಿ ಅವಳು. ಕೈ ಹಿಡಿದು ಬಳೆ ತೊಡಿಸುವವಳಿಗೆ ಊರಿನ ಪ್ರತಿ ಮನೆಯ ಸುಖದುಃಖ ಗೊತ್ತಿರುತ್ತದೆ. ನನ್ನ ಪುಟ್ಟ ಕೈಗೆ ಬಳೆ ಹಾಕುತ್ತ, "ಮಾಷಾ ಅಲ್ಲಾ, ಬಚ್ಚಿ ಹೆಂಗೆ ತುಂಬ್ಕೊಂಡೈತೆ! ಯಾರ ದವಾ ಅಮ್ಮಾ, ಯಾರ ಮದ್ದು?" ಎಂದಳು. ಅಮ್ಮ ಅಂಜಿನಮ್ಮನ ವಿಷಯ ಹೇಳಿದಳು. ಗೋಡೆಯ ಮೇಲಿನ ಎಲೆಯ ವಿಷಯವನ್ನೂ ಹೇಳಿದಳು. ಖಾಸಿಂಬಿಯ ಕೈ ನಿಂತಿತು.

"ಅರೇ ಅಲ್ಲಾ. ಅದು ಸತ್ತ ಕೂಸಿಗೆ ಇಟ್ಟ ಎಡೆ ಕಣಮ್ಮ."

ಅಂಜಿನಮ್ಮನಿಗೆ ಒಬ್ಬಳೇ ಮಗಳು, ಓಬುಳಿ. ಐದು ವರ್ಷದವಳು. ಜ್ವರ ಬಂದು ಬಿಟ್ಟ ಮೇಲೆ ಆ ಮಗು ಬಾಯಿಗೆ ಏನೂ ಮುಟ್ಟಿಸದೆ ತೀರಿಹೋಯಿತು. ಮೂರು ವರ್ಷವಾಗಿತ್ತು. ಅಷ್ಟು ಚಿಕ್ಕ ಮಕ್ಕಳಿಗೆ ತಿಥಿಯಿಲ್ಲ, ಎಡೆಯಿಲ್ಲ, ಮಣ್ಣು ಮಾಡಿ ಮರೆಯಬೇಕು. ಅಂಜಿನಮ್ಮ ಮರೆಯಲಿಲ್ಲ. ದಿನವೂ ಮಧ್ಯಾಹ್ನ ಮಗಳಿಗೆ ಪ್ರಿಯವಾಗಿದ್ದ ನವಣೆ ಅನ್ನ ಮಾಡಿ ಕಾಗೆಗೆಂದು ಗೋಡೆಯ ಮೇಲಿಟ್ಟಳು. ಮೂರು ವರ್ಷದಲ್ಲಿ ಒಂದು ಕಾಗೆಯೂ ಅದನ್ನು ಮುಟ್ಟಲಿಲ್ಲ. "ಇರುವೆ ಕೂಡ ಹತ್ತಾಕಿಲ್ಲ ಅಂತಾರೆ" ಎಂದಳು ಖಾಸಿಂಬಿ. "ಆ ಕೂಸು ಸತ್ತ ಮೇಲೂ ಹಟ ಬುಡಲಿಲ್ಲ ಅಂತ ಅವಳು ನನ್ನತ್ರ ಅಳ್ತಿದ್ಲು. ಒಂದು ಕುಂಟು ಮೇಕೆ ಇತ್ತು, ಕೂಸಿಂದು. ಅದೂ ಹಿಂದೆಯೇ ಹೋಯ್ತು."

ಅಮ್ಮ ನನ್ನನ್ನು ಮಡಿಲಿಗೆ ಎಳೆದುಕೊಂಡಳು. ಹೊಸ ಬಳೆಗಳಲ್ಲಿ ಎರಡು ಒಡೆದವು.

ಮನೆಯಲ್ಲಿ ಅಂದು ದೊಡ್ಡ ಗಲಾಟೆ. ಮೂಗಭಿಕ್ಷೆ ಎತ್ತಿಸಿದ ಅಜ್ಜಿಯೇ ತಲೆ ಚಚ್ಚಿಕೊಂಡಳು. "ಸತ್ತೋರ ಎಡೇನ ಬದುಕಿರೋ ಮಗ ತಿಂದ್ರೆ ಇನ್ನೇನು ಉಳೀತೈತೆ? ನಾಳೆಯಿಂದ ಆ ಕಡೆ ಬುಡಬ್ಯಾಡ." ಅಪ್ಪ, "ಕುಂಟು ಮೇಕೆ ಕತೇನ ಅವಳೇ ಮಗೂಗೆ ಹೇಳಿರ್ತಾಳೆ ಬುಡವ್ವ" ಎಂದ. ಇರಬಹುದು. ಇಂದಿಗೂ ನಾನು ಅದನ್ನೇ ನಂಬಲು ನೋಡುತ್ತೇನೆ. ಆದರೆ ಆ ಮನೆಯಲ್ಲಿ ಅಂಜಿನಮ್ಮ ನನ್ನೊಡನೆ ಮೇಕೆಯ ಮಾತಾಡಿದ್ದು ನನಗೆ ನೆನಪಿಲ್ಲ. ಆ ಮೇಕೆಯ ಕಿವಿಯಲ್ಲಿ ಒಂದು ಸೀಳು ಇತ್ತು ಎನ್ನುವುದು ನೆನಪಿದೆ.

ಮೂರು ದಿನ ನನ್ನನ್ನು ಕಳಿಸಲಿಲ್ಲ. ಮೂರು ದಿನ ನಾನು ನೀರಷ್ಟೇ ಕುಡಿದೆ. ನಾಲ್ಕನೇ ದಿನ ಮೈ ಬಿಸಿಯಾಯಿತು. ಒಂದು ಜ್ವರ ಸಾಕು ಎಂದಿದ್ದನಲ್ಲ ಡಾಕ್ಟರು. ಅಮ್ಮನ ಮುಂದೆ ಇದ್ದ ಲೆಕ್ಕ ಎಷ್ಟು ಸರಳ ನೋಡಿ: ಕಳಿಸದಿದ್ದರೆ ಮಗಳು ಉಳಿಯುವುದಿಲ್ಲ. ಕಳಿಸಿದರೆ ಉಳಿಯುತ್ತಾಳೆ, ಆದರೆ ಉಳಿಯುವವಳು ತನ್ನ ಮಗಳೇ ಎಂದು ಗೊತ್ತಿಲ್ಲ. ಯಾರನ್ನೂ ಕೇಳದೆ ಅವಳು ನನ್ನನ್ನು ಎತ್ತಿಕೊಂಡು ನಡು ಮಧ್ಯಾಹ್ನ ಓಣಿಯ ಕೊನೆಗೆ ನಡೆದಳು.

ಅಂಜಿನಮ್ಮ ಆಗ ತಾನೇ ಎಲೆಯನ್ನು ಗೋಡೆಯ ಮೇಲಿಟ್ಟು ಬಂದಿದ್ದಳು. ಹುಣಿಸೆಮರದಲ್ಲಿ ಕಾಗೆಗಳು ಹಾಗೇ ಕೂತಿದ್ದವು. ಅಮ್ಮ ಒಳಗೆ ಬಂದವಳು ಬೈಯಲಿಲ್ಲ, ಕೂಗಲಿಲ್ಲ. "ಹೇಳಬಾರದಾಗಿತ್ತಾ?" ಎಂದಳು, ಅಷ್ಟೇ.

"ಹೆಂಗೆ ಹೇಳ್ಲಮ್ಮ? ಮಾತಾಡಂಗಿಲ್ಲ, ಬರಿ ಮೊರ ಕಳಿಸಂಗಿಲ್ಲ. ಒಲೆ ಮ್ಯಾಲೆ ಆವತ್ತು ಬ್ಯಾರೆ ಏನೂ ಇರಲಿಲ್ಲ." ಅಂಜಿನಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. "ಆಮ್ಯಾಕೆ ಈ ತಲ್ಲಿ ತಿಂದ್ಳು. ಮೂರು ವರ್ಷಕ್ಕೆ ನನ್ನ ಕೈ ಅನ್ನ ಒಂದು ಬಾಯಿಗೆ ಹೋಯ್ತು. ಆಗ ಹೇಳ್ಬೇಕಿತ್ತು. ಹೇಳಾಕೆ ಮನಸು ಬರಲಿಲ್ಲ."

"ತಿನ್ನಿಸಿ" ಎಂದಳು ಅಮ್ಮ. "ಆದರೆ ಅವಳ ಹೆಸರಲ್ಲೇ ತಿನ್ನಿಸಿ. ನಾನು ಇಟ್ಟ ಹೆಸರಲ್ಲಿ."

ಅಂಜಿನಮ್ಮ ಬಟ್ಟಲು ತಂದಳು. ತುತ್ತು ಕಟ್ಟಿ, ನನ್ನ ಹೆಸರು ಹೇಳಿ ಕರೆದಳು. ಅವಳ ನಾಲಗೆಗೆ ಅದು ಕಷ್ಟವಾಗಿತ್ತು, ಆದರೂ ಪ್ರಾಮಾಣಿಕವಾಗಿ ಎರಡು ಸಲ, ಮೂರು ಸಲ ಕರೆದಳು. ನನ್ನ ಬಾಯಿ ಮುಚ್ಚೇ ಇತ್ತು. ನಾನು ಹಟ ಮಾಡುತ್ತಿರಲಿಲ್ಲ, ಇದನ್ನು ದಯವಿಟ್ಟು ನಂಬಿ. ತೆರೆಯಬೇಕೆಂದಿದ್ದೆ. ಹೊಟ್ಟೆ ಉರಿಯುತ್ತಿತ್ತು. ಆದರೆ ತುಟಿಗಳು ನನ್ನ ಮಾತು ಕೇಳುತ್ತಿರಲಿಲ್ಲ.

"ಆ ಹೆಸರಿಗೆ ಬಾಯಿ ಬುಡಾಕಿಲ್ಲ ಕಣಮ್ಮ" ಎಂದು ಅಂಜಿನಮ್ಮ ಮೆಲ್ಲಗೆ ಹೇಳಿದಳು. ಗೆದ್ದ ದನಿಯಲ್ಲ. ಅವಳಿಗೂ ಹೆದರಿಕೆಯಾಗಿತ್ತು.

ಅಮ್ಮ ಅಂಜಿನಮ್ಮನ ಕೈಯಿಂದ ಬಟ್ಟಲು ತೆಗೆದುಕೊಂಡಳು. ತುತ್ತು ಕಟ್ಟಿದಳು. ಕಡಲೆಕಾಯಿ ಪುಡಿ ನನ್ನ ಲಂಗದ ಮೇಲೆ ಉದುರಿತು. ನನ್ನ ಮುಖ ನೋಡುವುದಕ್ಕೆ ಆಗದೆ ಗೋಡೆಯ ಕಡೆ ನೋಡುತ್ತ, ನನ್ನ ಹೆತ್ತ ತಾಯಿ ಹೇಳಿದಳು:

"ಓಬುಳೀ, ತಿನ್ನವ್ವ."

ನಾನು ಬಾಯಿ ತೆರೆದೆ. ಎಷ್ಟೋ ತಿಂಗಳಾದ ಮೇಲೆ ಅಮ್ಮನ ಕೈಯ ಅನ್ನ ನನ್ನೊಳಗೆ ಹೋಯಿತು. ಬಟ್ಟಲು ಮುಗಿಯುವವರೆಗೆ ಅವಳು ಆ ಹೆಸರನ್ನೇ ಕರೆದಳು. ಒಂದೊಂದು ತುತ್ತಿಗೂ ಒಂದೊಂದು ಸಲ.

ಕೊನೆಯ ತುತ್ತಿಗೆ ಹೊರಗೆ ರೆಕ್ಕೆಯ ಸದ್ದಾಯಿತು. ಅಂಜಿನಮ್ಮ ಬಾಗಿಲಿಗೆ ಓಡಿದಳು. ಮೋಟುಗೋಡೆಯ ಮೇಲೆ ಒಂದು ಕಾಗೆ ಕೂತು ಎಲೆಯನ್ನು ಕುಕ್ಕುತ್ತಿತ್ತು. ನಾವು ನೋಡುತ್ತಿದ್ದಂತೆ ಇನ್ನೊಂದು ಇಳಿಯಿತು, ಮತ್ತೊಂದು ಇಳಿಯಿತು. ಒಂದು ಗಳಿಗೆಯಲ್ಲಿ ಎಲೆ ಬರಿದಾಯಿತು.

"ಪೋಯಿಂದಿ" ಎಂದಳು ಅಂಜಿನಮ್ಮ. ಹೊರಟುಹೋದಳು ಎಂದು. ಬಾಗಿಲ ಚೌಕಟ್ಟು ಹಿಡಿದು ನಿಂತು, ಮೂರು ವರ್ಷ ಯಾವುದನ್ನು ಕಾದಿದ್ದಳೋ ಅದು ನಡೆದದ್ದನ್ನು ನೋಡಿ, ಅವಳು ಎದೆ ಒಡೆದವಳಂತೆ ಅತ್ತಳು. ಅಮ್ಮ ಅವಳ ಬೆನ್ನಿನ ಮೇಲೆ ಕೈಯಿಟ್ಟಳು. ನಾನು ಬಟ್ಟಲ ತಳ ಕೆರೆದು ತಿನ್ನುತ್ತಿದ್ದೆ.

ಮರುದಿನ ನಾವು ಹೋದಾಗ ಬಾಗಿಲಿಗೆ ಬೀಗವಿತ್ತು. ಹೊಸಕೋಟೆಯ ಕಡೆ ತವರಿಗೆ ಹೋದಳೆಂದು ಪಕ್ಕದವರು ಹೇಳಿದರು. ಆಮೇಲೆ ಅವಳನ್ನು ನಾವು ಕಾಣಲಿಲ್ಲ. ಮೆಟ್ಟಿಲ ಮೇಲೆ ಆ ಹಿತ್ತಾಳೆ ಬಟ್ಟಲನ್ನು ಬೋರಲಾಗಿ ಇಟ್ಟು ಹೋಗಿದ್ದಳು. ಅಮ್ಮ ಅದನ್ನು ಮನೆಗೆ ತಂದಳು. ಅಜ್ಜಿ ಬಟ್ಟಲು ನೋಡಿದ ಸಂಜೆಯೇ ಕೊರಟಗೆರೆಯ ಬಸ್ಸು ಹತ್ತಿದಳು.

ಮುಂದಿನ ಒಂದು ವರ್ಷ ಅಮ್ಮ ನನಗೆ ಆ ಬಟ್ಟಲಲ್ಲೇ, ಆ ಹೆಸರಲ್ಲೇ ಉಣಿಸಿದಳು. ಮೊದಲು ನವಣೆ, ಆಮೇಲೆ ಅನ್ನ, ಆಮೇಲೆ ಮೆತ್ತಗಿನ ಮುದ್ದೆ. ಹೆಸರು ಕರೆಯುವಾಗ ಅವಳು ಗೋಡೆ ನೋಡುತ್ತಿದ್ದಳು. ಊಟ ಮುಗಿದು ಬಾಯಿ ಒರೆಸಿದ ಮೇಲೆ ನನ್ನನ್ನು ನನ್ನ ಹೆಸರಿನಿಂದ ಹತ್ತಾರು ಸಲ ಕರೆಯುತ್ತಿದ್ದಳು. ನಾನು ಓಗೊಡುವವರೆಗೂ ಬಿಡುತ್ತಿರಲಿಲ್ಲ.

ಅಪ್ಪನಿಗೆ ಬೇರೆ ಮಾರ್ಗದ ಬಸ್ಸು ಸಿಕ್ಕಿ ನಾವು ಮಧುಗಿರಿಗೆ ಬಂದೆವು. ಆ ಹೊತ್ತಿಗೆ ಅರವತ್ತರ ದಶಕ. ಶಾಲೆಯಲ್ಲಿ ಹಾಲಿನ ಪುಡಿ ಕದಡಿ ಕೊಡುವುದು ಶುರುವಾಗಿತ್ತು. ಒಂದು ಹಂಡೆಯಲ್ಲಿ ಬಿಸಿ ಹಾಲು, ಇನ್ನೊಂದರಲ್ಲಿ ಹಳದಿ ಉಪ್ಪಿಟ್ಟು. ನಮ್ಮ ಕಡೆಯ ಮಕ್ಕಳು "ನಂಗೆ ಇಷ್ಟ ಇಲ್ಲ" ಎಂದು ಬಾಯಿ ಬಿಟ್ಟು ಹೇಳಿದ್ದನ್ನು ನಾನು ಮೊದಲು ಕೇಳಿದ್ದು ಆ ಸಾಲಿನಲ್ಲಿ. ಹಾಲಿಗೆ ಪರದೇಶದ ವಾಸನೆ ಎಂದು ಮೂಗು ಮುಚ್ಚುತ್ತಿದ್ದರು, ಮೇಡಮ್ಮು ಬೈಯುತ್ತಿದ್ದರು. ಅವರ್ಯಾರೂ ಬೆನ್ನ ಹಿಂದೆ ತಿರುಗಿ, ಯಾರು ನಮ್ಮ ಬಾಯಿ ಹಿಡಿದಿದ್ದಾರೆ ಎಂದು ನೋಡಲಿಲ್ಲ. ಔಷಧದಂಗಡಿಯಲ್ಲಿ ಹಸಿವಿನ ಟಾನಿಕ್ಕೂ ಬಂತು. ದೆವ್ವ ಹೋಗಿ ಹುಳ, ಹುಳ ಹೋಗಿ ವಿಟಮಿನ್ನು, ವಿಟಮಿನ್ನು ಹೋಗಿ ಈಗ ನನ್ನ ಸೊಸೆಯ ಪುಸ್ತಕಗಳು. ನಾನು ಆ ಸಾಲಿನಲ್ಲಿ ತಗ್ಗು ಬಿದ್ದ ಬಟ್ಟಲು ಹಿಡಿದು ನಿಂತು, ಕೊಟ್ಟಿದ್ದನ್ನೆಲ್ಲ ಕುಡಿದೆ. ಒಂದು ಮಧ್ಯಾಹ್ನ ಮನೆಗೆ ಬಂದು, "ಅಮ್ಮಾ, ನಂಗ್ಯಾಕೆ ಆ ಹೆಸರು? ನನ್ನ ಹೆಸರಲ್ಲೇ ಕರಿ" ಎಂದೆನಂತೆ. ಅಮ್ಮ ಬಟ್ಟಲನ್ನು ಕೆಳಗಿಟ್ಟು ಎದ್ದು ಹಿತ್ತಿಲಿಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಅಂದಿನಿಂದ ನನ್ನ ಕೈಯಿಂದ ನಾನೇ ತಿಂದೆ.

ಈಗ ಮೊನ್ನೆಗೆ ಬರೋಣ. ನವಣೆ ಬೆಂದಿತು. ಚಾರ್ವಿ ತಟ್ಟೆ ತಳ್ಳಿದಳು. ಸೊಸೆಯ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡೆ, ಮತ್ತು ಇಷ್ಟು ದಿನ ಅವಳಿಗೆ ಆಡಿದ ಮಾತುಗಳಿಗೆಲ್ಲ ನನಗೆ ನಾಚಿಕೆಯಾಯಿತು. "ನಾನು ನೋಡ್ತೀನಿ, ನೀನು ಸ್ವಲ್ಪ ಕೂತ್ಕೊ" ಎಂದು ಅವಳನ್ನು ಒಳಗೆ ಕಳಿಸಿದೆ. ಅಟ್ಟದ ಮೇಲಿನ ಪೆಟ್ಟಿಗೆಯಿಂದ ಹಿತ್ತಾಳೆ ಬಟ್ಟಲು ತೆಗೆದೆ. ಕಡಲೆಕಾಯಿ ಪುಡಿ ಕಲಸಿ, ಬೆಲ್ಲದ ಚೂರಿಟ್ಟು ಮಗುವಿನ ಮುಂದಿಟ್ಟೆ. ಚಾರ್ವಿ ಅದನ್ನು ಒಂದು ಗಳಿಗೆ ನೋಡಿ, ಎರಡೂ ಕೈಯಿಂದ ತಿರುಗಿಸಿ, ತಗ್ಗನ್ನು ತನ್ನ ಕಡೆ ಮಾಡಿಕೊಂಡಳು.

ಅವಳ ಹೆಸರನ್ನು ಗಟ್ಟಿಯಾಗಿ ಕರೆದೆ. ಬಾಯಿ ತೆರೆಯಲಿಲ್ಲ. ಆ ಇನ್ನೊಂದು ಹೆಸರು ನನ್ನ ನಾಲಗೆಯ ತುದಿಯಲ್ಲಿತ್ತು. ಅದನ್ನು ಹೇಳಿದ್ದರೆ ತೆರೆಯುತ್ತಿತ್ತು ಎಂದು ನನಗೆ ಅನ್ನಿಸಿತು, ಅದಕ್ಕೇ ಹೆದರಿದೆ. ಅರವತ್ತೈದು ವರ್ಷದ ಹಿಂದೆ ಆ ಮಬ್ಬು ಮನೆಯಲ್ಲಿ ಅಮ್ಮ ಎಂಥ ಹೆದರಿಕೆಯನ್ನು ದಾಟಿ ಆ ಹೆಸರು ಕರೆದಿದ್ದಳು ಎಂದು ನನಗೆ ಮೊನ್ನೆ ತಿಳಿಯಿತು, ಅವಳು ಇಲ್ಲದ ಇಷ್ಟು ವರ್ಷದ ಮೇಲೆ.

ನಾನು ಕರೆಯಲಿಲ್ಲ. ಮೊದಲ ತುತ್ತು ಕಟ್ಟಿ, ಎದ್ದು ಹೋಗಿ ಕಿಟಕಿಯ ಹೊರಗಿನ ಕಟ್ಟೆಯ ಮೇಲಿಟ್ಟೆ.

"ಅದು ಯಾರಿಗೆ?" ಎಂದಳು ಚಾರ್ವಿ.

"ಒಂದು ಮಗೂಗೆ."

"ಅವಳು ತಿಂತಾಳಾ?"

"ಮೊದಲು ಹಟ ಮಾಡ್ತಿದ್ಲು. ಆಮೇಲೆ ತಿಂದ್ಲು."

ಅವಳು ಕುತ್ತಿಗೆ ಚಾಚಿ ಕಿಟಕಿಯ ಹೊರಗೆ ನೋಡಿದಳು. ಆಮೇಲೆ ನಾನು ಅವಳ ಹೆಸರಿನಲ್ಲಿ, ಅವಳ ಅಮ್ಮ ಇಟ್ಟ ಹೆಸರಿನಲ್ಲಿ ಕರೆದಾಗ, ಬಾಯಿ ತೆರೆದಳು. ಮೂರು ತುತ್ತು. ನಾಲ್ಕನೆಯದಕ್ಕೆ ತಲೆಯಾಡಿಸಿದಳು. ನಾನು ಒತ್ತಾಯ ಮಾಡಲಿಲ್ಲ.

ಕಟ್ಟೆಯ ಮೇಲಿನ ತುತ್ತು ಮಧ್ಯಾಹ್ನವೆಲ್ಲ ಅಲ್ಲೇ ಇತ್ತು. ಎದುರಿನ ನೀರಿನ ಟ್ಯಾಂಕಿನ ಮೇಲೆ ಕಾಗೆಗಳಿದ್ದವು. ನೋಡುತ್ತಿದ್ದವು, ಬರಲಿಲ್ಲ. ನಾನು ನಾಲ್ಕು ಸಲ ಹೋಗಿ ನೋಡಿ ಬಂದೆ. ಒಂದು ಇರುವೆಯೂ ಹತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅದು ಒಣಗತೊಡಗಿತ್ತು. ಹಾಗೆ ಬಿಡಲು ನನಗೆ ಮನಸ್ಸು ಬರಲಿಲ್ಲ.

ಕೈ ಚಾಚಿ ಅದನ್ನು ಒಳಗೆ ತೆಗೆದುಕೊಂಡೆ. ಯಾರೂ ಇಲ್ಲದ್ದನ್ನು ನೋಡಿ, ಗೋಡೆಯ ಕಡೆ ತಿರುಗಿ, "ಓಬುಳೀ, ತಿನ್ನವ್ವ" ಎಂದೆ.

ನನ್ನ ಬಾಯಿ ತೆರೆಯಿತು.